ಸಾವಿಲ್ಲದ ನಾಯಕ, ಮುಗಿಯದ ಮಾಲೆ: ಓದುಗರ ಅತೃಪ್ತಿಯ ವಿಮರ್ಶಾಮೌಲ್ಯ

ಜನಪ್ರಿಯ ಕಾದಂಬರಿ ಮಾಲೆಯೊಂದು ಸೊರಗತೊಡಗಿದಾಗ ಅದರ ಓದುಗರು ವ್ಯಕ್ತಪಡಿಸುವ ಅಸಮಾಧಾನವನ್ನು ವಿದ್ವತ್ ವಲಯವು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇಂಥ ಬರಹ ಮೊದಲಿನಿಂದಲೂ ಮಾರುಕಟ್ಟೆಯ ಸರಕು. ಸರಕು ಹಳಸಿತೆಂದು ಕೊಂಡವರು ಗೊಣಗಿದರೆ ಅದರಲ್ಲಿ ವಿಮರ್ಶೆ ಗಮನಿಸಬೇಕಾದದ್ದೇನಿದೆ ಎಂಬುದು ಈ ಉಪೇಕ್ಷೆಯ ಹಿಂದಿರುವ ತರ್ಕ. ಅಮೆರಿಕದ ಲೇಖಕಿ ಆನ್ ರೈಸ್ (೧೯೪೧–೨೦೨೧) ಅವರ ‘ವ್ಯಾಂಪೈರ್ ಕ್ರಾನಿಕಲ್ಸ್’ ಮಾಲೆಯ ಏಳುಬೀಳುಗಳನ್ನು ಪರಿಶೀಲಿಸಿದಾಗ ಈ ತರ್ಕ ನಿಲ್ಲುವುದಿಲ್ಲ. ಶೈಲಿ ಸಡಿಲವಾಯಿತು, ನಾಯಕನ ಸ್ವಭಾವ ಬದಲಾಯಿತು ಎಂಬ ಓದುಗರ ದೂರುಗಳ ತಳದಲ್ಲಿ ಇನ್ನೂ ಗಂಭೀರವಾದ ಆಕ್ಷೇಪವೊಂದಿದೆ. ಮೊದಲ ಕೃತಿ ತಾನಾಗಿ ಹಾಕಿಕೊಂಡ ನಿಯಮವನ್ನು ನಂತರದ ಕೃತಿಗಳು ಮುರಿದವು ಎಂಬುದೇ ಆ ಆಕ್ಷೇಪ.

ಮಾಲೆಯ ಮೊದಲ ಕೃತಿ ‘ಇಂಟರ್‌ವ್ಯೂ ವಿತ್ ದ ವ್ಯಾಂಪೈರ್’ ಪ್ರಕಟವಾದದ್ದು ೧೯೭೬ರಲ್ಲಿ. ಬ್ರಾಮ್ ಸ್ಟೋಕರನ ೧೮೯೭ರ ‘ಡ್ರಾಕುಲಾ’ ಕಾದಂಬರಿಯಲ್ಲಿ ರಕ್ತ ಹೀರುವ ಪ್ರೇತವು ಅನ್ಯರ ದಿನಚರಿ, ಪತ್ರಗಳ ಮೂಲಕವಷ್ಟೇ ಪರಿಚಯವಾಗುತ್ತದೆ. ಅದಕ್ಕೆ ತನ್ನದೆಂಬ ನಿರೂಪಣೆಯಿಲ್ಲ. ರೈಸ್ ಆ ಪ್ರೇತಕ್ಕೆ ಮಾತು ಕೊಟ್ಟರು. ಲೂಯಿ ಎಂಬ ವ್ಯಾಂಪೈರ್ ಯುವ ಪತ್ರಕರ್ತನೊಬ್ಬನ ಮುಂದೆ ಕುಳಿತು ತನ್ನ ಸುದೀರ್ಘ ಬದುಕನ್ನು ಹೇಳಿಕೊಳ್ಳುತ್ತಾನೆ. ಆ ಕಥನದ ಹೃದಯದಲ್ಲಿರುವವಳು ಕ್ಲಾಡಿಯಾ. ಎಳವೆಯಲ್ಲೇ ವ್ಯಾಂಪೈರ್ ಆಗಿ, ಮಗುವಿನ ದೇಹದೊಳಗೆ ಪ್ರೌಢ ಹೆಣ್ಣಿನ ಮನಸ್ಸನ್ನು ಹೊತ್ತವಳು ಆಕೆ. ಪ್ಯಾರಿಸ್ಸಿನಲ್ಲಿ ಆಕೆಯನ್ನು ಬಿಸಿಲಿಗೊಡ್ಡಿ ಕೊಲ್ಲಲಾಗುತ್ತದೆ. ೧೯೭೨ರಲ್ಲಿ ಪುಟ್ಟ ಮಗಳನ್ನು ಲ್ಯುಕೇಮಿಯಾದಿಂದ ಕಳೆದುಕೊಂಡ ತಾಯಿ ಬರೆದ ಪುಟಗಳು ಇವು. ಆದರೆ ಈ ಸಂಗತಿ ತಿಳಿಯದ ಓದುಗರಿಗೂ ಆ ಸಾವು ಹಿಂದಿರುಗಿಸಲಾಗದ್ದು ಎಂಬುದು ತಾಗದೆ ಇರದು. ಅಮರತ್ವವು ಇಲ್ಲಿ ವರವಲ್ಲ; ಕಳೆದುಕೊಂಡದ್ದನ್ನು ಎಂದೆಂದಿಗೂ ನೆನೆಯುತ್ತಿರಬೇಕಾದ ಶಿಕ್ಷೆ.

ಕಾದಂಬರಿಯ ಮುಕ್ತಾಯ ಈ ದೃಷ್ಟಿಯಿಂದ ಬಹಳ ಮುಖ್ಯವಾದುದು. ಇಷ್ಟೆಲ್ಲ ಕೇಳಿದ ಪತ್ರಕರ್ತ ಕೊನೆಗೆ ತನ್ನನ್ನೂ ವ್ಯಾಂಪೈರ್ ಮಾಡೆಂದು ಬೇಡುತ್ತಾನೆ. ತನ್ನ ಕಥೆ ಸೋತಿತೆಂದು ಲೂಯಿ ಕನಲುತ್ತಾನೆ. ದುಃಖವಾಗಿ ಹೇಳಿದ್ದನ್ನು ಕೇಳಿದವನು ಆಕರ್ಷಣೆಯಾಗಿ ಗ್ರಹಿಸಿದ್ದಾನೆ. ತನ್ನನ್ನು ಹೇಗೆ ಓದಬಾರದು ಎಂಬುದನ್ನು ಕೃತಿ ತಾನೇ ಸೂಚಿಸಿದ ಸಂದರ್ಭವಿದು.

ನಂತರದ ಮಾಲೆ ನಡೆದದ್ದು ಈ ಪತ್ರಕರ್ತನ ಹಾದಿಯಲ್ಲಿ. ೧೯೮೫ರ ‘ದ ವ್ಯಾಂಪೈರ್ ಲೆಸ್ಟಾಟ್’ ಕೃತಿಯ ಸತ್ವವನ್ನು ಅಲ್ಲಗಳೆಯಲಾಗದು. ಲೂಯಿಯ ನಿರೂಪಣೆಯನ್ನು ಲೆಸ್ಟಾಟ್ ಅದರಲ್ಲಿ ಪ್ರಶ್ನಿಸುತ್ತಾನೆ. ಒಂದೇ ಬದುಕಿಗೆ ಎರಡು ಸಾಕ್ಷ್ಯಗಳು ಎದುರುಬದುರಾಗುತ್ತವೆ. ಆದರೆ ೧೯೮೮ರ ‘ದ ಕ್ವೀನ್ ಆಫ್ ದ ಡ್ಯಾಮ್ಡ್’ನಲ್ಲಿ ಅದೇ ಪತ್ರಕರ್ತ ಡೇನಿಯಲ್‌ನನ್ನು ಆರ್ಮಾಂಡ್ ವ್ಯಾಂಪೈರ್ ಮಾಡುತ್ತಾನೆ. ಮೊದಲ ಕೃತಿ ನಿರಾಕರಿಸಿದ ಬೇಡಿಕೆಯನ್ನು ಮೂರನೆಯದು ಈಡೇರಿಸುತ್ತದೆ. ಆ ಕೃತಿಯ ಕಥನಶಕ್ತಿಯಲ್ಲಿ ಈ ಪಲ್ಲಟ ಎದ್ದು ಕಾಣುವುದಿಲ್ಲವಾದರೂ ದಿಕ್ಕು ಬದಲಾದದ್ದು ಅಲ್ಲಿಯೇ.

ಆಮೇಲಿನ ಕೃತಿಗಳಲ್ಲಿ ಸಾವಿನ ತೂಕ ಇಳಿಯುತ್ತಾ ಹೋಗುತ್ತದೆ. ೧೯೯೫ರ ‘ಮೆಮ್ನಾಕ್ ದ ಡೆವಿಲ್’ನಲ್ಲಿ ಆರ್ಮಾಂಡ್ ಭಕ್ತಿಯ ಆವೇಶದಲ್ಲಿ ಸೂರ್ಯನಿಗೆ ತನ್ನನ್ನು ಅರ್ಪಿಸಿಕೊಳ್ಳುತ್ತಾನೆ; ೧೯೯೮ರಲ್ಲಿ ಅವನ ಹೆಸರಿನದೇ ಕಾದಂಬರಿ ಬಂದಾಗ ಅವನು ಬದುಕಿರುತ್ತಾನೆ. ೨೦೦೦ದ ‘ಮೆರಿಕ್’ನಲ್ಲಿ ಲೂಯಿ ಬಿಸಿಲಿಗೆ ಮೈಯೊಡ್ಡುತ್ತಾನೆ, ಬಲಿಷ್ಠರ ರಕ್ತ ಕುಡಿಸಿ ಅವನನ್ನು ಎಬ್ಬಿಸಲಾಗುತ್ತದೆ. ಎದ್ದವನು ಮೊದಲಿಗಿಂತ ಶಕ್ತಿವಂತ. ಕ್ಲಾಡಿಯಾಳನ್ನು ಬೂದಿ ಮಾಡಿದ ಬಿಸಿಲೇ ಇದು ಎಂಬುದನ್ನು ನೆನೆದರೆ ಓದುಗರ ಸಿಟ್ಟಿನ ಮೂಲ ಸ್ಪಷ್ಟವಾಗುತ್ತದೆ. ಎಲ್ಲರೂ ಮರಳಬಲ್ಲ ಲೋಕದಲ್ಲಿ ಆ ಮಗು ಸತ್ತದ್ದಕ್ಕೆ ಅರ್ಥವೇನು? ಮುಂದಿನ ಕೃತಿಯ ದೌರ್ಬಲ್ಯ ಹಿಂದಿನ ಕೃತಿಯನ್ನೂ ಬಡವಾಗಿಸುತ್ತದೆ. ಬಿಡಿ ಕಾದಂಬರಿಯ ಸೋಲಿಗೂ ಮಾಲೆಯ ಸೋಲಿಗೂ ಇರುವ ವ್ಯತ್ಯಾಸ ಇದು.

ಈ ಬಿಕ್ಕಟ್ಟು ಬಹಿರಂಗವಾದದ್ದು ೨೦೦೩ರ ‘ಬ್ಲಡ್ ಕ್ಯಾಂಟಿಕಲ್’ನೊಂದಿಗೆ. ಅದರ ಆರಂಭದಲ್ಲಿಯೇ ಲೆಸ್ಟಾಟ್, ‘ಮೆಮ್ನಾಕ್’ ಕೃತಿಯನ್ನು ಸರಿಯಾಗಿ ಸ್ವೀಕರಿಸಲಿಲ್ಲವೆಂದು ಓದುಗರನ್ನು ಗದರಿಸುತ್ತಾನೆ. ಪಾತ್ರದ ಬಾಯಲ್ಲಿ ಕೇಳಿದ ಈ ಗದರಿಕೆ ಮರುವರ್ಷ ಲೇಖಕಿಯದೇ ದನಿಯಾಯಿತು. ಕೃತಿಯ ಬಗ್ಗೆ ಬಂದ ಕಟುಮಾತುಗಳಿಗೆ ೨೦೦೪ರಲ್ಲಿ ರೈಸ್ ಬಹಿರಂಗವಾಗಿ ದೀರ್ಘ ಉತ್ತರ ಬರೆದರು. ಓದುಗರು ತಪ್ಪು ನೆಲೆಯಿಂದ ಓದುತ್ತಿದ್ದಾರೆ ಎಂದರು; ಸಂಪಾದಕರ ಒತ್ತಾಯಕ್ಕೆ ಮಣಿಯಬೇಕಿಲ್ಲದ ಸ್ಥಾನವನ್ನು ತಾವು ಹೋರಾಡಿ ಪಡೆದುದಾಗಿ ಹೇಳಿದರು; ಅತೃಪ್ತರಿಗೆ ಪುಸ್ತಕದ ಹಣ ಮರಳಿಸುವುದಾಗಿಯೂ ತಿಳಿಸಿದರು. ಈ ಕೊನೆಯ ಮಾತಿನಲ್ಲಿ ಔದಾರ್ಯವಿರಬಹುದು. ಆದರೆ ಓದುಗರು ಕೇಳಿದ್ದು ಹಣವನ್ನಲ್ಲ. ಅವರ ದೂರನ್ನು ಗ್ರಾಹಕರ ದೂರೆಂದು ತಿಳಿದದ್ದರಲ್ಲಿ ಲೇಖಕಿಗೂ ಅವರನ್ನು ಉಪೇಕ್ಷಿಸುವ ವಿದ್ವಾಂಸರಿಗೂ ವಿಚಿತ್ರವಾದ ಸಹಮತ ಕಾಣುತ್ತದೆ.

ಲೇಖಕಿಯ ಪರವಾದ ವಾದವನ್ನೂ ಇಲ್ಲಿ ಮಂಡಿಸಬೇಕು. ಬರೆಯುವವರು ಬದಲಾಗುತ್ತಾರೆ, ಅದು ಅವರ ಹಕ್ಕು. ೧೯೯೮ರಲ್ಲಿ ಕ್ಯಾಥೊಲಿಕ್ ಶ್ರದ್ಧೆಗೆ ಮರಳಿದ ರೈಸ್ ಅವರಿಗೆ ದೇವರು, ಪಾಪ, ಬಿಡುಗಡೆಗಳ ಪ್ರಶ್ನೆ ಮಾರುಕಟ್ಟೆಯ ತಂತ್ರವಾಗಿರಲಿಲ್ಲ. ೨೦೦೨ರಲ್ಲಿ ಪತಿ, ಕವಿ ಸ್ಟ್ಯಾನ್ ರೈಸ್ ತೀರಿಕೊಂಡ ನೋವೂ ಅವರ ಬೆನ್ನಿಗಿತ್ತು. ಇನ್ನೊಂದೆಡೆ, ಕಥೆ ಮುಗಿಯಬಾರದೆಂಬ ಹಂಬಲ ಓದುಗರದೂ ಹೌದು. ಲೆಸ್ಟಾಟ್‌ನನ್ನು ರಾಜಕುಮಾರನ ಪೀಠಕ್ಕೇರಿಸಿದ ೨೦೧೪ರ ಕೃತಿಯವರೆಗೂ, ೨೦೧೮ರಲ್ಲಿ ಬಂದ ಹದಿಮೂರನೆಯ ಕೃತಿಯವರೆಗೂ ಕಾದು ಕೊಂಡವರು ಅವರೇ. ಈ ಮಾತುಗಳು ಸತ್ಯವಾದರೂ ಮೂಲ ಆಕ್ಷೇಪವನ್ನು ತೊಡೆಯುವುದಿಲ್ಲ. ಶ್ರದ್ಧೆಯ ಪ್ರಶ್ನೆಗೂ ಸಾವಿನ ತೂಕ ಬೇಕು. ಬೆಲೆ ತೆರದ ಬಿಡುಗಡೆ ಕಥೆಯಲ್ಲಿ ಬಿಡುಗಡೆಯಾಗಿ ಕಾಣುವುದಿಲ್ಲ.

ಹಾಗಾದರೆ ದೀರ್ಘವಾಗುವುದೇ ಮಾಲೆಯ ದೋಷವೇ? ಕನ್ನಡ ಓದುಗರಿಗೆ ಹತ್ತಿರದ ನಿದರ್ಶನವೊಂದು ಇದಕ್ಕೆ ಉತ್ತರ ಕೊಡಬಲ್ಲದು. ರಿಚರ್ಡ್ ಬರ್ಟನ್ ೧೮೭೦ರಲ್ಲಿ ಬೇತಾಳ ಕಥೆಗಳನ್ನು ಇಂಗ್ಲಿಷಿಗೆ ತಂದಾಗ ಬೇತಾಳನನ್ನು ‘ವ್ಯಾಂಪೈರ್’ ಎಂದು ಕರೆದ. ಆ ಹೆಸರಿನ ಔಚಿತ್ಯ ಬೇರೆಯೇ ಚರ್ಚೆ. ಗಮನಿಸಬೇಕಾದದ್ದು ಆ ಕಥಾಚಕ್ರದ ಆಕೃತಿಯನ್ನು. ಉತ್ತರ ತಿಳಿದ ರಾಜ ಮೌನ ಮುರಿಯಲೇಬೇಕು. ಮುರಿದೊಡನೆ ಬೇತಾಳ ಮರಕ್ಕೆ ಮರಳಬೇಕು. ಇಪ್ಪತ್ತೈದನೆಯ ಕಥೆಗೆ ರಾಜನಲ್ಲಿ ಉತ್ತರವಿಲ್ಲದಾಗ ಸರಪಳಿ ತಾನಾಗಿ ಕಳಚುತ್ತದೆ. ಇದೇ ಚೌಕಟ್ಟನ್ನು ‘ಚಂದಮಾಮ’ ಪತ್ರಿಕೆ ದಶಕಗಳ ಕಾಲ ಹೊಸ ಕಥೆಗಳಿಂದ ತುಂಬಿತು. ಇಪ್ಪತ್ತೈದರ ಮಿತಿ ದಾಟಿದರೂ ಮೌನದ ನಿಯಮವನ್ನು ಅದು ಬಿಡಲಿಲ್ಲ. ಆದುದರಿಂದಲೇ ಮಕ್ಕಳಿಗೆ ಮೋಸ ಹೋದೆವೆನ್ನಿಸಲಿಲ್ಲ. ಮಾಲೆಯನ್ನು ಕಾಯುವುದು ಅದರ ಸಂಖ್ಯೆಯಲ್ಲ, ಅದರ ನಿಯಮ.

ಓದುಗರ ಅತೃಪ್ತಿಯನ್ನು ಅಭಿಮಾನಿಗಳ ಹಠವೆಂದು ಬದಿಗೊತ್ತುವುದು ಆದುದರಿಂದ ಸರಿಯಲ್ಲ. ಮಾಲೆಯ ಪೂರ್ವಾಪರಗಳನ್ನೆಲ್ಲ ನೆನಪಿನಲ್ಲಿಟ್ಟುಕೊಂಡು, ಕೃತಿಯನ್ನು ಅದರದೇ ಅಳತೆಗೋಲಿನಿಂದ ಅಳೆಯುವವರು ಅವರು. ವಿಮರ್ಶೆಯ ಮೊದಲ ಕರ್ತವ್ಯವೂ ಅದೇ ಅಲ್ಲವೇ? ‘ಸುಧಾ’, ‘ತರಂಗ’ದಂಥ ವಾರಪತ್ರಿಕೆಗಳಲ್ಲಿ ಧಾರಾವಾಹಿಗಳನ್ನು ಕಂತುಕಂತಾಗಿ ಓದಿದ ಕನ್ನಡ ಓದುಗರಿಗೂ ಇಂಥ ನೆನಪು, ಇಂಥ ಅಳತೆಗೋಲು ಇದ್ದೇ ಇವೆ. ಜನಪ್ರಿಯ ಸಾಹಿತ್ಯದ ಅಧ್ಯಯನವು ಕೃತಿಗಳ ಪಟ್ಟಿ, ಮಾರಾಟದ ವಿವರಗಳಲ್ಲಿ ನಿಲ್ಲದೆ ಓದುಗರ ಪತ್ರಗಳತ್ತಲೂ ಕಣ್ಣು ಹಾಯಿಸಬೇಕಾಗಿದೆ. ಅಲ್ಲಿರುವ ಮೆಚ್ಚುಗೆಗಿಂತ ಮುನಿಸೇ ಕೃತಿಯನ್ನು ಕುರಿತು ಹೆಚ್ಚು ಹೇಳಬಹುದು.