ಹೊಸಪೇಟೆ ಕಾಲುವೆ ತೋಡಿದವರಿಗೆ ಹೊಲ ಎಷ್ಟು ಸಿಕ್ಕೈತಿ?



2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರ ಆಯ್ತು. ಅವತ್ತಿನಿಂದ ವೈಭವದ ಭಾಷಣ ಕೇಳಿ ಕೇಳಿ ಕಿವಿ ತುಂಬೈತಿ. ಕೃಷ್ಣದೇವರಾಯ ಊರು ಕಟ್ಟಿಸಿದ, ಕೆರೆ ಕಟ್ಟಿಸಿದ, ಕಾಲುವೆ ತೋಡಿಸಿದ. ಕಟ್ಟಿಸಿದ್ದು ಅವನು, ಒಪ್ಪಿದೆವು. ಕಟ್ಟಿದವರು ಯಾರ್ರೀ?

ನಾನು ಹೇಳೋದು ಕಟ್ಟುಕಥೆ ಅಲ್ಲ. ಹೊಸಪೇಟೆ ಆಗ ನಾಗಲಾಪುರ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅಲ್ಲಿ ಕೆರೆ ಕೆಲಸ ಕಣ್ಣಾರೆ ನೋಡ್ಯಾನ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ದುಡೀತಿದ್ರು, ಕಾಲೂರೋ ನೆಲ ಕಾಣ್ತಿರಲಿಲ್ಲ ಅಂತ ಬರೀತಾನ. ಕಟ್ಟೆ ಎರಡು ಮೂರು ಸಲ ಒಡೀತು. ರಾಜ ಬ್ರಾಹ್ಮಣರನ್ನ ಕೇಳಿದ. ದೇವರಿಗೆ ರಕ್ತ ಬೇಕು ಅಂದ್ರು. ಕುದುರೆ, ಕೋಣಗಳ ಜತೆ 60 ಮನುಷ್ಯರ ತಲೆ ಹಾರಿಸಿದ್ರು.

ನಂತರ ಬಂದ ನೂನಿಜ್, ಸತ್ತವರು ಮರಣದಂಡನೆಗೆ ತಕ್ಕ ಕೈದಿಗಳು ಅಂತಾನ. ಈ ಇಬ್ಬರ ಬರಹಾನೂ 1900ರಲ್ಲಿ ರಾಬರ್ಟ್ ಸೀವೆಲ್ ಇಂಗ್ಲಿಷಿನಲ್ಲಿ ಪ್ರಕಟಿಸಿದ. ಕೆಲಸಕ್ಕೆ ನೆರವಾದ ಪೋರ್ಚುಗೀಸ್ ಎಂಜಿನಿಯರನ ಹೆಸರು ಅದರಾಗೈತಿ. ಸತ್ತ 60 ಮಂದಿಯ ಒಂದು ಹೆಸರೂ ಇಲ್ಲ.

ಆಮೇಲೆ ಏನಾಯ್ತು? ನೂನಿಜ್ ಪ್ರಕಾರ, ಆ ನೀರು ಹಾಯೋ ಭೂಮಿಯನ್ನ ಒಂಬತ್ತು ವರ್ಷ ಕಂದಾಯ ಇಲ್ಲದೆ ಸಾಗುವಳಿಗೆ ಕೊಟ್ರು. ಆಮೇಲೆ ವರಮಾನ 20,000 ವರಹ ಮುಟ್ಟಿತು. ಅಂದ್ರೆ ನೀರಿನ ಲಾಭ ಹೊಲದ ಜತೆ ಹೋಯ್ತು. ಹೊಲ ಇಲ್ಲದವನ ಪಾಲಿಗೆ ಬುಟ್ಟಿ, ಗುದ್ದಲಿ ಅಷ್ಟೇ ಉಳೀತು. ರಾಯ ಕಾಲುವೆ, ಬಸವಣ್ಣ ಕಾಲುವೆ ಇವತ್ತಿಗೂ ಹರೀತಾವ. ಬಾಳೆ, ಕಬ್ಬು, ಭತ್ತ ಬೆಳೀತಾವ. ಲೆಕ್ಕ ಮಾತ್ರ ಬದಲಾಗಿಲ್ಲ.

ರಾಜರ ಕಾಲ ಬಿಡ್ರಿ ಅಂತೀರಾ? ಸರಿ, ನಮ್ಮ ಕಾಲಕ್ಕೆ ಬರ್ರಿ. 1945ರಲ್ಲಿ ಅಡಿಗಲ್ಲು ಹಾಕಿದ ತುಂಗಭದ್ರಾ ಅಣೆಕಟ್ಟು 1953ರಲ್ಲಿ ನೀರು ಕೊಟ್ಟಿತು. ಎಡದಂಡೆ ಕಾಲುವೆ ಕೊಪ್ಪಳ, ರಾಯಚೂರು ಕಡೆ ಹೋಯ್ತು. ದುಡ್ಡಿದ್ದವರು ಆಂಧ್ರದಿಂದ ಬಂದು ಭೂಮಿ ಕೊಂಡ್ರು, ಕ್ಯಾಂಪುಗಳು ಎದ್ದವು. ನಮ್ಮ ಗಜೇಂದ್ರಗಡದಾಗ ಗುಡ್ಡ ಐತಿ, ಕೋಟೆ ಐತಿ, ಹೊಳಿ ಇಲ್ಲ. ನಮ್ಮ ಕೇರಿ ಹೆಣ್ಣುಮಕ್ಕಳು ಭತ್ತದ ನಾಟಿಗೆ ಅದೇ ಕಾಲುವೆ ಬಯಲಿಗೆ ಹೋಗ್ತಾರ. ಮೊಣಕಾಲುದ್ದ ಕೆಸರಿನಾಗ ನಿಂತು ನಾಟಿ ಮಾಡ್ತಾರ. ಆ ಗದ್ದೆಯ ಪಹಣಿಯೊಳಗ ಅವರ ಹೆಸರಿಲ್ಲ.

ಬಾಬಾಸಾಹೇಬರು 1927ರಲ್ಲಿ ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದ್ದು ಕುಡಿಯೋ ಹಕ್ಕಿಗಾಗಿ. ಬೆಳೆಯೋ ನೀರಿನ ಹಕ್ಕು ಬೇಕಂದ್ರೆ ಮೊದಲು ಭೂಮಿ ಬೇಕು. ಸರ್ಕಾರ ನಮಗೆ ಮಂಜೂರು ಮಾಡಿದ ಭೂಮಿ ಕೈತಪ್ಪಿದ್ರೆ ವಾಪಸ್ ಪಡೆಯೋಕೆ 1978ರ ಪಿಟಿಸಿಎಲ್ ಕಾಯ್ದೆ ಐತಿ. 2017ರಲ್ಲಿ ಸುಪ್ರೀಂ ಕೋರ್ಟು, ತಡವಾಗಿ ಬಂದ್ರೆ ಆಗಲ್ಲ ಅಂತು. ಹೋರಾಟ ನಡೆದು 2023ರಲ್ಲಿ ತಿದ್ದುಪಡಿ ಬಂತು. ಅರ್ಜಿಗೆ ಕಾಲಮಿತಿ ಇಲ್ಲ ಅಂತ ಕಾಯ್ದೆಯೊಳಗೇ ಬರೆಸಿದ್ವಿ. ಇಷ್ಟಾದ್ರೂ ಕಚೇರಿ ಕಚೇರಿ ಅಲೆಯೋದು ತಪ್ಪಿಲ್ಲ.

ಅದಕ್ಕೆ ಕೇಳೋದು ಮೂರೇ ಮಾತು. ಕಾಲುವೆ ಅಚ್ಚುಕಟ್ಟಿನಾಗ ದಲಿತರ ಹೆಸರಲ್ಲಿ ಎಷ್ಟು ಎಕರೆ ಐತಿ, ಸರ್ವೆ ನಂಬರ್ ಸಮೇತ ಪ್ರಕಟಿಸ್ರಿ. ಪಿಟಿಸಿಎಲ್ ಅರ್ಜಿಗಳನ್ನ ಇತ್ಯರ್ಥ ಮಾಡ್ರಿ. ಹೊಸಪೇಟೆಯೊಳಗ ಆ 60 ಮಂದಿ ನೆನಪಿಗೆ ಒಂದು ಕಲ್ಲು ನಿಲ್ಲಿಸ್ರಿ.

ಇದರಿಂದ ಇತಿಹಾಸಕ್ಕೆ ಅವಮಾನ ಆಗತೈತಿ ಅನ್ನೋರಿಗೆ ಒಂದೇ ಉತ್ತರ: ಇದನ್ನ ನಾವು ಬರೆದಿಲ್ಲ, ನಿಮ್ಮ ರಾಯನ ವೈಭವ ಹೊಗಳಿದವರೇ ಬರೆದಾರ. ಅವರ ಹೊಗಳಿಕೆ ಸತ್ಯ, ಈ ಪುಟ ಸುಳ್ಳು ಅನ್ನೋಕೆ ಬರಲ್ಲ.

ನಿಮ್ಮೂರಿನ ಕಾಲುವೆ ಯಾರು ತೋಡಿದ್ರು? ಹಿರಿಯರನ್ನ ಕೇಳ್ರಿ, ಕೆಳಗ ಬರೀರಿ.