ಜಾಲತಾಣದೊಡೆಯನ ಹೊಣೆ

ಬೆಲ್ಲ ತರಲು ಅಂಗಡಿಗೆ ಬಂದ ಹುಡುಗನನ್ನು ಹಳ್ಳಿಯ ಅಂಗಡಿಯವನು ‘ಯಾರ ಮಗನಪ್ಪಾ ನೀನು?’ ಎಂದು ಕೇಳುವುದುಂಟು. ಹುಡುಗ ತಂದೆಯ ಹೆಸರು ಹೇಳುತ್ತಾನೆ. ಮಾತು ಅಲ್ಲಿಗೆ ಮುಗಿಯುತ್ತದೆ. ಆ ಉತ್ತರವನ್ನು ಅಂಗಡಿಯವನು ಪುಸ್ತಕದಲ್ಲಿ ಬರೆದಿಡುವುದಿಲ್ಲ. ಹುಡುಗನು ಪೆಪ್ಪರಮೆಂಟಿನ ಡಬ್ಬಿಯ ಕಡೆಗೆ ಎಷ್ಟು ಹೊತ್ತು ನೋಡುತ್ತ ನಿಂತಿದ್ದನೆಂಬುದನ್ನು ಗುರುತು ಹಾಕಿಕೊಳ್ಳುವುದಿಲ್ಲ. ಆ ಗುರುತನ್ನು ಪಟ್ಟಣದ ಮಿಠಾಯಿ ಕಂಪನಿಗೆ ಮಾರುವುದೂ ಇಲ್ಲ. ಅಂತರಜಾಲದ ಅಂಗಡಿ ಈ ಮೂರನ್ನೂ ಮಾಡಬಲ್ಲದು. ಅದೂ ಒಬ್ಬ ಹುಡುಗನ ವಿಷಯದಲ್ಲಲ್ಲ, ಕೋಟಿಗಟ್ಟಲೆ ಮಕ್ಕಳ ವಿಷಯದಲ್ಲಿ, ಅವರಲ್ಲಿ ಒಬ್ಬರಿಗೂ ತಿಳಿಯದಂತೆ.

ಇದು ಕೇವಲ ಊಹೆಯಲ್ಲವೆಂಬುದು ಬಹಳ ಹಿಂದೆಯೇ ಸಿದ್ಧವಾಯಿತು. 1998ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಎಂಬ ಸರ್ಕಾರಿ ಆಯೋಗವು ಮಕ್ಕಳಿಗಾಗಿಯೇ ನಡೆಯುತ್ತಿದ್ದ 212 ಜಾಲತಾಣಗಳನ್ನು ಪರಿಶೀಲಿಸಿತು. ಅವುಗಳಲ್ಲಿ ನೂರಕ್ಕೆ 89ರಷ್ಟು ತಾಣಗಳು ಮಕ್ಕಳಿಂದ ವೈಯಕ್ತಿಕ ವಿವರಗಳನ್ನು ಪಡೆಯುತ್ತಿದ್ದವು. ‘ಮೊದಲು ತಂದೆತಾಯಿಯರನ್ನು ಕೇಳು’ ಎಂದು ಮಗುವಿಗೆ ಹೇಳುತ್ತಿದ್ದ ತಾಣಗಳು ನೂರಕ್ಕೆ 23 ಮಾತ್ರ. ಆ ವಿವರಗಳ ಮೇಲೆ ಪೋಷಕರಿಗೆ ಯಾವುದಾದರೊಂದು ಬಗೆಯ ಹಿಡಿತವನ್ನು ಕೊಟ್ಟಿದ್ದವು ನೂರಕ್ಕೆ ಹತ್ತೂ ಇರಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಅಲ್ಲಿನ ಶಾಸನಸಭೆಯು ಮಕ್ಕಳ ಆನ್‌ಲೈನ್ ಖಾಸಗಿತನ ರಕ್ಷಣಾ ಕಾಯಿದೆಯನ್ನು ಮಾಡಿತು. ಅದರ ನಿಯಮಗಳು 2000ದ ಏಪ್ರಿಲ್ 21ರಂದು ಜಾರಿಗೆ ಬಂದವು. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಜನರು ಇದನ್ನು ‘ಕೊಪ್ಪಾ’ ಎನ್ನುತ್ತಾರೆ. ಮಲೆನಾಡಿನ ಕೊಪ್ಪಕ್ಕೂ ಇದಕ್ಕೂ ನಂಟಿಲ್ಲ.

ಈ ಕಾಯಿದೆಯ ಗುಣವೆಲ್ಲ ಒಂದು ಸಂಗತಿಯಲ್ಲಿ ಅಡಗಿದೆ. ಅದು ‘ಮಗುವೇ, ಎಚ್ಚರವಾಗಿರು’ ಎಂದು ಉಪದೇಶಿಸುವುದಿಲ್ಲ. ಹೊಣೆಯನ್ನು ತಾಣ ನಡೆಸುವವನ ಹೆಗಲಿಗೆ ಹೊರಿಸುತ್ತದೆ. ಹದಿಮೂರು ವರ್ಷ ತುಂಬದ ಮಗುವಿನಿಂದ ವಿವರ ಪಡೆಯುವ ಮೊದಲು ಅವನು ಪೋಷಕರಿಗೆ ನೇರವಾಗಿ ತಿಳಿಸಬೇಕು; ಅವರ ಸಮ್ಮತಿಯನ್ನು ಪಡೆಯಬೇಕು; ಆ ಸಮ್ಮತಿ ಪೋಷಕರದೇ ಎಂಬುದನ್ನು ಪರೀಕ್ಷಿಸಿಕೊಳ್ಳಬೇಕು. ಏನೇನು ಸಂಗ್ರಹಿಸಿದ್ದೀರಿ ತೋರಿಸಿ ಎಂದರೆ ತೋರಿಸಬೇಕು. ಅಳಿಸಿ ಎಂದರೆ ಅಳಿಸಬೇಕು. ಆಟಕ್ಕೆ ಬೇಕಾದುದಕ್ಕಿಂತ ಹೆಚ್ಚಿನ ವಿವರ ಕೊಟ್ಟರೆ ಮಾತ್ರ ಆಡಗೊಡುತ್ತೇನೆಂದು ಮಗುವಿಗೆ ಷರತ್ತು ಹಾಕಕೂಡದು. 2013ರಲ್ಲಿ ಈ ನಿಯಮಗಳು ವಿಸ್ತಾರಗೊಂಡವು. ಹೆಸರು ವಿಳಾಸಗಳಷ್ಟೇ ಅಲ್ಲದೆ ಮಗುವಿನ ಭಾವಚಿತ್ರ, ಧ್ವನಿ, ಇರುವ ಸ್ಥಳ, ಒಂದು ತಾಣದಿಂದ ಇನ್ನೊಂದು ತಾಣಕ್ಕೆ ಹೋದರೂ ಬೆನ್ನುಬಿಡದೆ ಬರುವ ಗುರುತಿನ ಸಂಖ್ಯೆ ಇವೆಲ್ಲವೂ ವೈಯಕ್ತಿಕ ವಿವರಗಳೇ ಎಂದಾಯಿತು. ಈ ಕೊನೆಯದೇ ಬಹುಮುಖ್ಯವಾದುದು. ಇಂದಿನ ಜಾಹೀರಾತುದಾರನಿಗೆ ಮಗುವಿನ ಹೆಸರು ಬೇಕಿಲ್ಲ. ಆ ಸಂಖ್ಯೆಯೊಂದಿದ್ದರೆ ಸಾಕು.

ಅಂತಹ ಸಂಖ್ಯೆಯಿಂದಲೇ ಯೂಟ್ಯೂಬ್ ಸಂಸ್ಥೆ ತೊಡಕಿಗೆ ಸಿಲುಕಿತು. ತನ್ನದು ಎಲ್ಲರಿಗೂ ಸೇರಿದ ತಾಣ, ಮಕ್ಕಳ ನಿಯಮ ತನಗೆ ಅನ್ವಯಿಸದೆಂಬುದು ಅದರ ನಿಲುವಾಗಿತ್ತು. ಆದರೆ ಆಟಿಕೆ ತಯಾರಿಸುವ ದೊಡ್ಡ ಕಂಪನಿಗಳ ಮುಂದೆ ಜಾಹೀರಾತು ಕೇಳುವಾಗ, ಮಕ್ಕಳನ್ನು ತಲಪುವುದರಲ್ಲಿ ತನಗೆ ಸಾಟಿಯಿಲ್ಲವೆಂದು ಅದೇ ಸಂಸ್ಥೆ ಹೇಳಿಕೊಂಡಿತ್ತೆಂದು ಆಯೋಗದ ದೂರಿನಲ್ಲಿ ದಾಖಲಾಗಿದೆ. ಸಂತೆಯಲ್ಲಿ ಒಂದು ಮಾತು, ಚಾವಡಿಯಲ್ಲಿ ಒಂದು ಮಾತು! 2019ರಲ್ಲಿ ಆ ಸಂಸ್ಥೆಯೂ ಅದರ ಒಡೆತನ ಹೊಂದಿದ ಗೂಗಲ್ ಸಂಸ್ಥೆಯೂ 17 ಕೋಟಿ ಡಾಲರು ಕೊಡಲು ಒಪ್ಪಬೇಕಾಯಿತು. ಹಣಕ್ಕಿಂತಲೂ ಕಳವಳಕಾರಿಯಾದುದು 2022ರಲ್ಲಿ ಹೊರಬಂದ ಎಪಿಕ್ ಗೇಮ್ಸ್ ಸಂಸ್ಥೆಯ ಪ್ರಕರಣ. ಅದರ ‘ಫೋರ್ಟ್‌ನೈಟ್’ ಆಟದಲ್ಲಿ ಅಪರಿಚಿತರೊಡನೆ ಮಾತಾಡುವ ಏರ್ಪಾಟು ಮೊದಲಿನಿಂದಲೇ ತೆರೆದಿರುತ್ತಿತ್ತು. ಮಕ್ಕಳು ಗುರುತಿಲ್ಲದ ದೊಡ್ಡವರ ಜೊತೆಯಲ್ಲಿ ಆಡುತ್ತ, ಬೆದರಿಕೆ ಪೀಡನೆಗಳಿಗೆ ಗುರಿಯಾದರೆಂಬುದು ಆರೋಪ. ಮಕ್ಕಳ ಖಾಸಗಿತನದ ಲೆಕ್ಕಕ್ಕೆ ಮಾತ್ರವೇ ಅದು 27.5 ಕೋಟಿ ಡಾಲರು ದಂಡ ತೆತ್ತಿತು. ಬಾಗಿಲನ್ನು ಮುಚ್ಚಿಟ್ಟು, ಬೇಕೆಂದವರಿಗೆ ತೆರೆಯುವುದು ಒಂದು ಕ್ರಮ. ತೆರೆದಿಟ್ಟು, ಬೇಡವೆಂದವರು ಮುಚ್ಚಿಕೊಳ್ಳಲಿ ಎನ್ನುವುದು ಇನ್ನೊಂದು. ಎರಡನೆಯದನ್ನು ಆರಿಸಿಕೊಳ್ಳುವವನು ಮಕ್ಕಳ ಸ್ವಭಾವವನ್ನು ಬಲ್ಲವನೇ. ಬಲ್ಲವನಾದ್ದರಿಂದಲೇ ಹಾಗೆ ಮಾಡುತ್ತಾನೆ.

ಕಾಯಿದೆ ಇದ್ದ ಮಾತ್ರಕ್ಕೆ ಎಲ್ಲವೂ ನೇರವಾಯಿತೆಂದು ಹೇಳಲಾಗದು. ಅದರ ದುರ್ಬಲವಾದ ಸ್ಥಳ ವಯಸ್ಸಿನ ಪ್ರಶ್ನೆ. ಎಲ್ಲ ವಯಸ್ಸಿನವರಿಗೂ ಮೀಸಲಾದ ತಾಣವೊಂದು ‘ನಿನಗೆ ಹದಿಮೂರು ತುಂಬಿದೆಯೆ?’ ಎಂದು ಕೇಳುತ್ತದೆ. ಇಲ್ಲವೆಂದರೆ ಬಾಗಿಲು ಮುಚ್ಚುತ್ತದೆ, ಹೌದೆಂದರೆ ತೆರೆಯುತ್ತದೆ. ಹನ್ನೊಂದು ವರ್ಷದ ಚುರುಕು ಬಾಲಕಿ ಇದರಿಂದ ಏನನ್ನು ಕಲಿಯುತ್ತಾಳೆ? ಹುಟ್ಟಿದ ವರ್ಷವನ್ನು ಎರಡು ವರ್ಷ ಹಿಂದಕ್ಕೆ ತಳ್ಳುವುದನ್ನು ಕಲಿಯುತ್ತಾಳೆ. ಆ ಸುಳ್ಳನ್ನು ಆಕೆಯ ಬಾಯಿಂದ ಹೊರಡಿಸಿದ್ದು ಪ್ರಶ್ನೆ ಕೇಳಿದ ರೀತಿ. ಆಯೋಗವೂ ಇದನ್ನು ಅರಿತಂತಿದೆ. ಯಾವ ಉತ್ತರ ಲಾಭಕರವೆಂಬ ಸುಳಿವು ಕೊಡದೆ ಹುಟ್ಟಿದ ದಿನವನ್ನು ಕೇಳಬೇಕು, ಒಮ್ಮೆ ತಡೆದ ಮೇಲೆ ಹಿಂದಕ್ಕೆ ಹೋಗಿ ಉತ್ತರ ಬದಲಾಯಿಸಲು ಅವಕಾಶವಿರಬಾರದು ಎಂದು ಅದು ಸಲಹೆ ಮಾಡಿದೆ. ಮುಖ್ಯವಾಗಿ ಮಕ್ಕಳಿಗಾಗಿಯೇ ಇರುವ ತಾಣಕ್ಕಂತೂ ಈ ನೆಪವೇ ಇಲ್ಲ. ಬಂದವರೆಲ್ಲರನ್ನೂ ಅದು ಮಕ್ಕಳೆಂದೇ ತಿಳಿಯತಕ್ಕದ್ದು.

ಸಮ್ಮತಿಯ ಮಾತೂ ಅಷ್ಟು ಸುಲಭವಲ್ಲ. ಸಹಿ ಮಾಡಿದ ಪತ್ರ, ಬ್ಯಾಂಕಿನ ಕಾರ್ಡಿನಿಂದ ಹಣದ ಪಾವತಿ, ತರಬೇತಿ ಪಡೆದ ನೌಕರನೊಡನೆ ದೂರವಾಣಿ ಸಂಭಾಷಣೆ, ಸರ್ಕಾರಿ ಗುರುತಿನ ಚೀಟಿ ಇವೆಲ್ಲ ಅಮೆರಿಕದಲ್ಲಿ ಒಪ್ಪಿತವಾದ ಮಾರ್ಗಗಳು. ಆದರೆ ಇಲ್ಲಿ ಒಂದು ವಿಪರೀತವಿದೆ. ಮಗುವಿನ ಗುಟ್ಟನ್ನು ಕಾಯಲು ಹೊರಟವನು ಈಗ ತಂದೆಯ ಕಾರ್ಡಿನ ಸಂಖ್ಯೆಯನ್ನೂ ತಾಯಿಯ ಗುರುತಿನ ಚೀಟಿಯನ್ನೂ ಕೈಗೆ ತೆಗೆದುಕೊಳ್ಳುತ್ತಾನೆ. ಒಂದು ತಿಜೋರಿಯ ಬದಲು ಮೂರು ತಿಜೋರಿಗಳನ್ನು ಅವನು ಕಾಯಬೇಕು. ಕಾಯಲು ಆಗುವುದೆ? ಮಕ್ಕಳ ವಿದ್ಯುನ್ಮಾನ ಆಟಿಕೆಗಳನ್ನು ಮಾರುವ ವಿಟೆಕ್ ಎಂಬ ಕಂಪನಿಯ ಭಂಡಾರಕ್ಕೆ 2015ರಲ್ಲಿ ಹೊರಗಿನವನೊಬ್ಬ ನುಗ್ಗಿ ಮಕ್ಕಳ ವಿವರಗಳನ್ನು ಎತ್ತಿಕೊಂಡನು. 2018ರಲ್ಲಿ ಕಂಪನಿಯೇನೋ ಆರೂವರೆ ಲಕ್ಷ ಡಾಲರು ದಂಡ ಕಟ್ಟಿತು. ಹೊರಗೆ ಹೋದ ವಿವರಗಳನ್ನು ಹಿಂದಕ್ಕೆ ತರುವ ದಂಡ ಮಾತ್ರ ಯಾವ ಕಾನೂನಿನಲ್ಲೂ ಇಲ್ಲ.

ಆದ್ದರಿಂದ ತಾಣ ನಡೆಸುವವನಿಗೆ ಇರುವ ಉತ್ತಮ ಮಾರ್ಗವೆಂದರೆ ಸಂಗ್ರಹಿಸದೆ ಇರುವುದು. ಮಕ್ಕಳಿಗೆ ಮಗ್ಗಿ ಕಲಿಸುವ ಒಂದು ಸಣ್ಣ ತಾಣವನ್ನು ಊಹಿಸಿಕೊಳ್ಳಬಹುದು. ಏಳು ಎಂಟಲೆ ಎಷ್ಟೆಂದು ಕೇಳುವುದಕ್ಕೆ ಮಗುವಿನ ಹೆಸರು, ಶಾಲೆ, ಊರು, ಭಾವಚಿತ್ರಗಳ ಅಗತ್ಯವೇನು? ಅಂಕಗಳನ್ನು ಆ ಯಂತ್ರದಲ್ಲೇ ಉಳಿಸಿದರೆ ಸಾಲದೆ? ಮಗುವೊಂದು ಮಿಂಚಂಚೆಯಲ್ಲಿ ಸಂದೇಹ ಕೇಳಿದರೆ ಒಮ್ಮೆ ಉತ್ತರ ಬರೆದು ವಿಳಾಸವನ್ನು ಅಳಿಸಿಬಿಡಬಹುದು. ಅಷ್ಟಕ್ಕೆ ಅಮೆರಿಕದ ನಿಯಮವೂ ಪೋಷಕರ ಸಮ್ಮತಿಯನ್ನು ಕೇಳುವುದಿಲ್ಲ. ಹೀಗೆ ನಡೆಸುವವನಿಗೆ ವಕೀಲರ ವೆಚ್ಚವೂ ಕಡಮೆ. ಮೊದಲು ಎಲ್ಲವನ್ನೂ ಬಾಚಿಕೊಂಡು, ಆಮೇಲೆ ನಲವತ್ತು ಪುಟದ ಒಪ್ಪಿಗೆಪತ್ರ ಬರೆಸುವವನಿಗೇ ಈ ನಿಯಮಗಳು ಭಾರವಾಗಿ ಕಾಣುತ್ತವೆ. ಸಣ್ಣ ತಾಣಗಳು ಇದರಿಂದ ಮುಚ್ಚಿಹೋಗುತ್ತವೆ ಎಂಬ ದೂರಿನಲ್ಲಿ ಸ್ವಲ್ಪ ನಿಜವಿದೆ. ಆದರೆ ಆ ದೂರನ್ನು ಗಟ್ಟಿಯಾಗಿ ಹೇಳುವವರು ಬಹುಮಟ್ಟಿಗೆ ದೊಡ್ಡವರೇ.

ಭಾರತದಲ್ಲಿ ಈ ಚರ್ಚೆಗೆ ತಳಹದಿ ಹಾಕಿದವರು ಕರ್ನಾಟಕದವರೆಂಬುದು ಇಲ್ಲಿ ಸ್ಮರಣೀಯ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ಮೊಕದ್ದಮೆಯಲ್ಲಿಯೇ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ ಬಂದಿತು. 2025ರ ನವೆಂಬರಿನಲ್ಲಿ ನಿಯಮಗಳು ಪ್ರಕಟವಾಗಿ, ಮುಖ್ಯ ಹೊಣೆಗಳನ್ನು ಅಳವಡಿಸಿಕೊಳ್ಳಲು ಹದಿನೆಂಟು ತಿಂಗಳ ಅವಧಿ ಗೊತ್ತಾಯಿತು. ಮಕ್ಕಳ ಬೆನ್ನುಹತ್ತಿ ಅವರ ನಡವಳಿಕೆಯನ್ನು ಗಮನಿಸುವುದನ್ನೂ ಅವರನ್ನೇ ಗುರಿಯಾಗಿಸಿದ ಜಾಹೀರಾತನ್ನೂ ಇದು ನಿಷೇಧಿಸುತ್ತದೆ. ಮಕ್ಕಳಿಗೆ ಸಂಬಂಧಿಸಿದ ಹೊಣೆಯಲ್ಲಿ ತಪ್ಪಿದರೆ 200 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಈ ನಿಷೇಧ ಅಮೆರಿಕದ ಕಾಯಿದೆಗಿಂತ ಒಂದು ಹೆಜ್ಜೆ ಮುಂದೆ ಎನ್ನಲು ಅಡ್ಡಿಯಿಲ್ಲ.

ಆದರೆ ಈ ಅಧಿನಿಯಮದಲ್ಲಿ ಮಗುವೆಂದರೆ ಹದಿನೆಂಟು ತುಂಬದ ಎಲ್ಲರೂ. ಐದು ವರ್ಷದ ಶಿಶುವಿಗೂ ಒಂಬತ್ತನೆಯ ತರಗತಿಯ ವಿದ್ಯಾರ್ಥಿಗೂ ಒಂದೇ ಅಳತೆ. ಯುರೋಪಿನಲ್ಲಿ ಈ ಗೆರೆ ಹದಿನಾರು. ಆಯಾ ದೇಶಗಳು ಅದನ್ನು ಹದಿಮೂರರವರೆಗೆ ಇಳಿಸಿಕೊಳ್ಳಬಹುದು. ಹದಿನಾಲ್ಕರ ವಯಸ್ಸಿನವಳು ತನ್ನ ದೇಹದ ಬಗೆಗೋ ಮನೆಯ ಕಷ್ಟದ ಬಗೆಗೋ ಸಲಹೆ ಕೇಳಲು ಒಂದು ತಾಣಕ್ಕೆ ಹೋಗಬೇಕೆಂದರೆ ತಂದೆಯ ಒಪ್ಪಿಗೆ ಬೇಕಾದೀತು. ಒಮ್ಮೊಮ್ಮೆ ಆ ಕಷ್ಟಕ್ಕೆ ಕಾರಣನೇ ತಂದೆಯಾಗಿರಬಹುದು. ಗುಟ್ಟು ಎಂಬುದು ಮಕ್ಕಳಿಗೂ ಉಂಟು, ತಂದೆತಾಯಿಯರಿಂದಲೂ ಉಂಟು. ತಾಣವು ಸುರಕ್ಷಿತವೆಂದು ಮನಗಂಡರೆ ಅದರ ಮಟ್ಟಿಗೆ ವಯಸ್ಸನ್ನು ಇಳಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ಆ ಅಧಿಕಾರವನ್ನು ಜಿಪುಣತನವಿಲ್ಲದೆ ಬಳಸುವುದು ಒಳಿತು.

ಇನ್ನು ಸಮ್ಮತಿ ಕೊಡಬೇಕಾದ ಮನೆಯ ಸ್ಥಿತಿ. ಅನೇಕ ಮನೆಗಳಲ್ಲಿ ಇರುವುದು ಒಂದೇ ಫೋನು. ತಂದೆ ಹೊಲದಿಂದ ಬಂದ ಮೇಲೆ ಅದು ಮಗನ ಕೈಗೆ ಬರುತ್ತದೆ; ಪರೀಕ್ಷೆಗೆಂದು ಬಂದ ಸಂಖ್ಯೆಯನ್ನು ತಂದೆಗೆ ಓದಿ ಹೇಳುವವನೂ ಮಗನೇ. ಹೀಗಿರುವಾಗ ಒಪ್ಪಿಗೆ ಕೊಟ್ಟವರು ಯಾರು? ಈ ತೊಡಕಿಗೆ ಯಂತ್ರದಿಂದ ಮಾತ್ರ ಪರಿಹಾರವಿಲ್ಲ. ಆದರೆ ಅಧಿನಿಯಮದಲ್ಲಿ ಅಷ್ಟಾಗಿ ಯಾರ ಕಣ್ಣಿಗೂ ಬೀಳದ ಒಂದು ಮಾತಿದೆ: ಸಮ್ಮತಿ ಕೇಳುವ ತಿಳಿವಳಿಕೆಪತ್ರವನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಅವಕಾಶವಿರತಕ್ಕದ್ದು. ಕನ್ನಡವೂ ಆ ಇಪ್ಪತ್ತೆರಡರಲ್ಲಿ ಒಂದು. ಮಗನ ಆಟದ ತಾಣವು ಏನನ್ನು ಕೇಳುತ್ತಿದೆ, ಏತಕ್ಕೆ ಕೇಳುತ್ತಿದೆ ಎಂಬುದನ್ನು ತಾಯಿಯೊಬ್ಬಳು ತನ್ನ ಭಾಷೆಯಲ್ಲಿ ಅರ್ಧ ಪುಟದಲ್ಲಿ ಓದಿ, ‘ಇದು ಅವರಿಗೇಕಪ್ಪಾ ಬೇಕು?’ ಎಂದು ಕೇಳುವಂತಾಗಬೇಕು. ಅದನ್ನು ತಿಳಿಗನ್ನಡದಲ್ಲಿ ಬರೆಯಬೇಕಾದವನು ತಾಣದೊಡೆಯ. ಅದು ಬರಿಯ ಯಂತ್ರಾನುವಾದವಾಗಿದ್ದರೆ ‘ಒಪ್ಪಿದೆ’ ಎಂಬ ಗುಂಡಿಯನ್ನು ಮತ್ತೆ ಮಗನೇ ಒತ್ತುತ್ತಾನೆ.