ಫಲಕದ ವಸ್ತ್ರನಿಯಮವೂ ರೇಷ್ಮೆಯ ಲೆಕ್ಕವೂ

ನಮ್ಮ ಕೆಲವು ಬಸದಿಗಳ ದ್ವಾರದಲ್ಲಿ ಈಚಿನ ವರ್ಷಗಳಲ್ಲಿ ವಸ್ತ್ರನಿಯಮದ ಫಲಕಗಳು ಕಾಣಿಸಿಕೊಳ್ಳತೊಡಗಿವೆ. ಪುರುಷರ ಕುರಿತು ಅವುಗಳಲ್ಲಿ ಒಂದು ಸಾಲು ಇದ್ದರೆ ಸ್ತ್ರೀಯರ ಕುರಿತು ಐದಾರು ಸಾಲುಗಳಿರುತ್ತವೆ. ಪ್ಯಾಂಟು ಕೂಡದು, ತೋಳಿಲ್ಲದ ಅಂಗಿ ಕೂಡದು, ಸೀರೆ ಅಥವಾ ಚೂಡಿದಾರವೇ ಆಗಬೇಕು. ಕೊನೆಯಲ್ಲಿ ಪ್ರಾಚೀನ ಪರಂಪರೆಯನ್ನು ಉಳಿಸಬೇಕೆಂಬ ವಿನಂತಿ. ಟ್ರಸ್ಟಿನ ಮಹನೀಯರ ಸದುದ್ದೇಶವನ್ನು ನಾನು ಶಂಕಿಸುವುದಿಲ್ಲ. ಜಿನಸನ್ನಿಧಿಗೆ ಬರುವವರು ಗಂಡಾಗಲಿ ಹೆಣ್ಣಾಗಲಿ ಮರ್ಯಾದೆಯ ಉಡುಪಿನಲ್ಲಿ ಬರಬೇಕೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಪರಂಪರೆಯ ಹೆಸರಿನಲ್ಲಿ ಹೇಳುತ್ತಿರುವುದು ಪರಂಪರೆಯಲ್ಲ. ಧರ್ಮದ ಹೆಸರಿನಲ್ಲಿ ಹೇಳಲೇಬೇಕಾದುದನ್ನು ಯಾವ ಫಲಕದಲ್ಲಿಯೂ ನಾನು ಓದಿಲ್ಲ. ಇದು ನನ್ನ ಆಕ್ಷೇಪ.

ಒಳಗೆ ಲಂಗ, ಮೇಲೆ ಹೊಲಿದ ರವಿಕೆ, ಮುಂದೆ ನೆರಿಗೆ, ಎಡ ಹೆಗಲಿನ ಮೇಲೆ ಸೆರಗು: ಸೀರೆಯ ಈ ಕ್ರಮವನ್ನೇ ನಾವು ಅನಾದಿಯೆಂದು ಭಾವಿಸಿದ್ದೇವೆ. ಇದು ದೇಶದಾದ್ಯಂತ ಹಬ್ಬಿದ್ದು ಕಳೆದ ನೂರೈವತ್ತು ವರ್ಷಗಳಲ್ಲಿ. ಅದರಲ್ಲಿ ಜ್ಞಾನದಾನಂದಿನಿ ದೇವಿಯವರ ಪಾತ್ರ ಪ್ರಸಿದ್ಧವಾದುದು. ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾದ ಮೊದಲ ಭಾರತೀಯರಾದ ಸತ್ಯೇಂದ್ರನಾಥ ಠಾಕೂರರ ಪತ್ನಿಯಾದ ಆಕೆ 1864ರಲ್ಲಿ ಪತಿಯೊಡನೆ ಮುಂಬಯಿಗೆ ಬಂದರು. ಬಂಗಾಳದ ಅಂತಃಪುರದಲ್ಲಿ ಉಡುತ್ತಿದ್ದ ತೆಳುವಾದ ಒಂಟಿ ಸೀರೆ ಹೊರಗೆ ನಾಲ್ಕು ಜನರ ನಡುವೆ ಓಡಾಡಲು ಒಗ್ಗುವಂತಿರಲಿಲ್ಲ. ಪಾರ್ಸಿ ಮಹಿಳೆಯರು ಉಡುವ ಬಗೆಯನ್ನು ನೋಡಿ, ಅದನ್ನು ಮಾರ್ಪಡಿಸಿ, ರವಿಕೆ ಲಂಗಗಳನ್ನು ಕೂಡಿಸಿ ಹೊಸ ಕ್ರಮವೊಂದನ್ನು ರೂಢಿಸಿದರು. ಮನೆಯ ಹೊಸ್ತಿಲು ದಾಟಬೇಕಾಗಿ ಬಂದ ಹೆಣ್ಣಿನ ಅನುಕೂಲದಿಂದ ಹುಟ್ಟಿದ ಉಡುಪು ಅದು. ಇಂದು ಬ್ಯಾಂಕಿಗೋ ಕಾರ್ಖಾನೆಗೋ ಹೋಗುವ ನಮ್ಮ ಹೆಣ್ಣುಮಕ್ಕಳು ಪ್ಯಾಂಟು ತೊಡುವುದಕ್ಕೂ ಕಾರಣ ಅಷ್ಟೇ.

ಕನ್ನಡನಾಡಿನಲ್ಲಿ ಕುಪ್ಪಸ ಹಳೆಯದೇ, ನಿಜ. ಆದರೆ ಉತ್ತರ ಕರ್ನಾಟಕದ ಅಜ್ಜಿಯರು ಇಳಕಲ್ಲ ಸೀರೆಯನ್ನು ಕಚ್ಚೆ ಹಾಕಿ ಉಡುತ್ತಿದ್ದರು. ಕೊಡಗಿನಲ್ಲಿ ನೆರಿಗೆ ಹಿಂದಕ್ಕೆ. ಬೇಲೂರಿನ ಮದನಿಕೆಯರು ನಮ್ಮ ಫಲಕದ ಮುಂದೆ ಬಂದು ನಿಂತರೆ ಒಬ್ಬಳಿಗೂ ಒಳಗೆ ಪ್ರವೇಶ ದೊರೆಯಲಾರದು. ಇನ್ನು ಚೂಡಿದಾರವು ನಮ್ಮ ಪ್ರಾಚೀನ ಪರಂಪರೆಗೆ ಯಾವಾಗ ಸೇರಿತೆಂಬುದನ್ನು ಫಲಕ ಬರೆಸಿದವರೇ ಹೇಳಬೇಕು.

ಹೆಣ್ಣಿನ ಮೈಮೇಲಿನ ಬಟ್ಟೆಗೆ ನಿಯಮ ಮಾಡುವವರ ಇತಿಹಾಸವೂ ಹೆಮ್ಮೆಪಡುವಂಥದಲ್ಲ. ತಿರುವಾಂಕೂರು ಸಂಸ್ಥಾನದಲ್ಲಿ ನಾಡಾರ್ ಸ್ತ್ರೀಯರು ಎದೆಯ ಮೇಲೆ ವಸ್ತ್ರ ಹೊದೆಯುವ ಹಕ್ಕಿಗಾಗಿ ದಶಕಗಳ ಕಾಲ ಹೋರಾಡಬೇಕಾಯಿತು. ಅವರು ಮೈ ಮುಚ್ಚಿಕೊಳ್ಳುವುದೇ ಅಂದು ಆಚಾರಭಂಗವಾಗಿತ್ತು. 1859ರಲ್ಲಿ ಮಹಾರಾಜರ ಘೋಷಣೆ ಹೊರಟಾಗಲೂ, ಮೇಲ್ಜಾತಿಯವರಂತೆ ಹೊದೆಯಬಾರದೆಂಬ ಷರತ್ತು ಉಳಿದೇ ಇತ್ತು. ಪ್ಯಾರಿಸ್ ನಗರದಲ್ಲಿ ಸ್ತ್ರೀಯರು ಪ್ಯಾಂಟು ತೊಡಲು ಪೊಲೀಸರ ಅನುಮತಿ ಬೇಕೆಂದು 1800ರಲ್ಲಿ ಹೊರಡಿಸಿದ ಆಜ್ಞೆ ನಿರರ್ಥಕವೆಂದು ಅಧಿಕೃತವಾಗಿ ಸಾರಲ್ಪಟ್ಟದ್ದು 2013ರಲ್ಲಿ! ಲಂಡನ್ನಿನಲ್ಲಿ 2015ರಲ್ಲಿ ಸ್ವಾಗತಕಾರಿಣಿಯೊಬ್ಬಳು ಎತ್ತರದ ಹಿಮ್ಮಡಿಯ ಪಾದರಕ್ಷೆ ಧರಿಸಲು ಒಪ್ಪದಿದ್ದುದಕ್ಕೆ ಕೆಲಸದ ಮೊದಲ ದಿನವೇ ಮನೆಗೆ ಕಳುಹಿಸಲ್ಪಟ್ಟಳು. ಆಕೆಯ ಅರ್ಜಿಗೆ ಒಂದೂವರೆ ಲಕ್ಷ ಸಹಿಗಳು ಬಿದ್ದು ವಿಷಯ ಪಾರ್ಲಿಮೆಂಟಿನವರೆಗೆ ಹೋಯಿತು. ಮುಚ್ಚಬಾರದೆಂದವರು, ಮುಚ್ಚಬೇಕೆಂದವರು, ಹಿಮ್ಮಡಿ ಎತ್ತರಿಸಬೇಕೆಂದವರು ಎಲ್ಲರೂ ತಮ್ಮ ತಮ್ಮ ಕಾಲದ ಸಭ್ಯತೆಯನ್ನೇ ರಕ್ಷಿಸುತ್ತಿದ್ದೇವೆಂದು ನಂಬಿದ್ದರು.

2014ರ ಸೆಪ್ಟೆಂಬರಿನಲ್ಲಿ ಮಂಗಳಯಾನವು ಮಂಗಳನ ಕಕ್ಷೆಯನ್ನು ಸೇರಿದ ದಿನ ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ಸೀರೆಯುಟ್ಟು ಹೂ ಮುಡಿದ ಮಹಿಳೆಯರು ಸಂಭ್ರಮಿಸಿದ ಚಿತ್ರವನ್ನು ಜಗತ್ತೇ ನೋಡಿತು. ಸೀರೆಯ ಪಕ್ಷಪಾತಿಗಳು ಅದನ್ನು ತಮ್ಮ ವಾದಕ್ಕೆ ಬಳಸಿಕೊಂಡರು. ಪ್ಯಾಂಟು ತೊಟ್ಟಿದ್ದರೆ ಆ ನೌಕೆ ಕಕ್ಷೆ ತಪ್ಪುತ್ತಿತ್ತೇ? ರನ್ನನು 'ಅಜಿತಪುರಾಣ'ದಲ್ಲಿ ಅತ್ತಿಮಬ್ಬೆಯನ್ನು ಕೊಂಡಾಡಿದ್ದು ಆಕೆಯ ಉಡುಪಿಗಾಗಿ ಅಲ್ಲ. ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದವಳು, ಲಕ್ಕುಂಡಿಯ ಬ್ರಹ್ಮಜಿನಾಲಯವನ್ನು ಕಟ್ಟಿಸಿದವಳು ಆಕೆ. ಆಕೆ ಯಾವ ಸೀರೆ ಉಟ್ಟಿದ್ದಳೆಂದು ನಾವು ಇಂದಿಗೂ ಕೇಳುವುದಿಲ್ಲ.

ಈಗ ಧರ್ಮದ ಮಾತಿಗೆ ಬರೋಣ. ಹತ್ತಿಯ ಪ್ಯಾಂಟು ತೊಟ್ಟ ಹುಡುಗಿಯನ್ನು ಬಾಗಿಲಲ್ಲಿ ತಡೆಯುವ ಬಸದಿಯೊಳಗೆ ರೇಷ್ಮೆ ಸೀರೆಯುಟ್ಟ ಗೃಹಿಣಿಗೆ ಮುಂದಿನ ಸಾಲಿನಲ್ಲಿ ಸ್ಥಾನ. ರೇಷ್ಮೆಯೇ ಮಡಿ ಎಂಬ ರೂಢಿ ಬೇರೆ.

ನಾನು ವ್ಯಾಪಾರಿ, ಲೆಕ್ಕ ಹಾಕದೆ ಮಾತನಾಡುವ ಅಭ್ಯಾಸವಿಲ್ಲ. ರೇಷ್ಮೆಹುಳು ತನ್ನ ಸುತ್ತ ಗೂಡು ಕಟ್ಟಿಕೊಂಡು ಒಳಗೆ ಕೋಶಾವಸ್ಥೆಯಲ್ಲಿ ಇರುತ್ತದೆ. ಚಿಟ್ಟೆಯಾಗಿ ಹೊರಬರಲು ಬಿಟ್ಟರೆ ಗೂಡು ತೂತಾಗುತ್ತದೆ, ನೂರಾರು ಮೀಟರು ಉದ್ದದ ಅಖಂಡ ಎಳೆ ದೊರೆಯುವುದಿಲ್ಲ. ಆದ್ದರಿಂದ ಬಿಸಿಗಾಳಿಯಿಂದಲೋ ಹಬೆಯಿಂದಲೋ ಜೀವವನ್ನು ಗೂಡಿನೊಳಗೇ ಕೊಂದು, ಆಮೇಲೆ ಬಿಸಿನೀರಿನಲ್ಲಿ ಹಾಕಿ ನೂಲು ತೆಗೆಯುತ್ತಾರೆ. ಒಂದು ಗೂಡಿನ ತೂಕ ಹೆಚ್ಚೆಂದರೆ ಎರಡು ಗ್ರಾಂ ಎಂದಿಟ್ಟುಕೊಳ್ಳಿ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಕನಿಷ್ಠ ಆರು ಕಿಲೋ ಗೂಡು ಎಂದು ಹಿಡಿಯೋಣ. ಆಗ ಕಿಲೋ ಒಂದಕ್ಕೆ ಮೂರು ಸಾವಿರ ಜೀವ. ಅರ್ಧ ಕಿಲೋ ತೂಗುವ ಸೀರೆಯೊಂದಕ್ಕೆ ಒಂದೂವರೆ ಸಾವಿರ. ಮದುವೆಗೆ ಹತ್ತು ಸೀರೆ ತೆಗೆಯುವ ಮನೆಯವರು ಉಳಿದುದನ್ನು ತಾವೇ ಗುಣಿಸಿಕೊಳ್ಳಲಿ. ಆ ಮದುವೆಯ ಊಟದಲ್ಲಿ ಈರುಳ್ಳಿ, ಆಲೂಗೆಡ್ಡೆ ಬಿದ್ದಿಲ್ಲವೆಂದು ಖಾತರಿ ಮಾಡಿಕೊಳ್ಳಲು ಅಡುಗೆಮನೆಗೆ ಎರಡು ಸಲ ಹೋಗಿಬರುವವರೂ ಇವರೇ.

ನಾವು ಕೊಲ್ಲಲಿಲ್ಲವಲ್ಲ, ಅಂಗಡಿಯಲ್ಲಿ ಕೊಂಡೆವು ಎಂದು ಹೇಳುವವರಿದ್ದಾರೆ. ಕೃತ, ಕಾರಿತ, ಅನುಮೋದನೆ ಎಂಬ ಮೂರು ಮಾತುಗಳನ್ನು ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಕಲಿತದ್ದು ಏತಕ್ಕೆ? ಕೊಳ್ಳುವವನಿಲ್ಲದೆ ಮಾರುವವನಿಲ್ಲ ಎಂಬುದನ್ನು ವರ್ತಕರಾದ ನಮಗೆ ಯಾರೂ ಕಲಿಸಬೇಕಾಗಿಲ್ಲ. ರೈತನ ಹೊಟ್ಟೆಪಾಡಿನ ಪ್ರಶ್ನೆ ಇದಕ್ಕಿಂತ ತೂಕದ್ದು. ರಾಮನಗರ, ಶಿಡ್ಲಘಟ್ಟಗಳ ಗೂಡಿನ ಮಾರುಕಟ್ಟೆಗಳನ್ನು ಸಾವಿರಾರು ಕುಟುಂಬಗಳು ನಂಬಿವೆ. ಅವುಗಳನ್ನು ಮುಚ್ಚಿಸಿರೆಂದು ನಾನು ಸರ್ಕಾರವನ್ನು ಕೇಳುತ್ತಿಲ್ಲ. ನಮ್ಮದು ಚಿಕ್ಕ ಸಮಾಜ. ನಾವು ಬಿಟ್ಟರೆ ಆ ಮಾರುಕಟ್ಟೆ ಬೀಳುವುದಿಲ್ಲ, ಆದರೆ ನಮ್ಮ ವ್ರತ ನಿಲ್ಲುತ್ತದೆ. ಕೈಮಗ್ಗದ ಹತ್ತಿ ಸೀರೆಗೆ ರೇಷ್ಮೆಯ ಬೆಲೆ ಕೊಟ್ಟರೆ ನೇಕಾರನಿಗೂ ನಷ್ಟವಿಲ್ಲ. ಚಿಟ್ಟೆ ಹಾರಿದ ಮೇಲೆ ನೂಲು ತೆಗೆಯುವ 'ಅಹಿಂಸಾ ರೇಷ್ಮೆ'ಯೂ ಇದೆ. ಅದು ಕೊಲ್ಲುವ ಕ್ರಮಕ್ಕಿಂತ ಮೇಲು ಎನ್ನಲಡ್ಡಿಯಿಲ್ಲ. ಆದರೆ ಸಾವಿರಾರು ವರ್ಷ ಸಾಕಿ ಹಾರಲಾರದಂತೆ ಮಾಡಿದ ಚಿಟ್ಟೆ ಹೊರಬಂದು ಕೆಲವೇ ದಿನಗಳಲ್ಲಿ ಸಾಯುವುದನ್ನು ಅಹಿಂಸೆಯೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಫ್ಯಾಷನ್ನಿನ ಮುಂದೆ ಏನೂ ನಡೆಯದು ಎಂಬ ನಿರಾಶೆಗೂ ಆಧಾರವಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಯುರೋಪು, ಅಮೆರಿಕಗಳ ಸ್ತ್ರೀಯರ ಟೋಪಿಗಳಿಗೆ ಹಕ್ಕಿಗಳ ಗರಿ ಸಿಕ್ಕಿಸುವ ಶೋಕಿ ಇತ್ತು. ಕೆಲವೊಮ್ಮೆ ಇಡೀ ಹಕ್ಕಿಯನ್ನೇ ತುಂಬಿ ಕೂರಿಸುತ್ತಿದ್ದರು. ಫ್ರಾಂಕ್ ಚಾಪ್‌ಮನ್ ಎಂಬ ಪಕ್ಷಿತಜ್ಞ 1886ರಲ್ಲಿ ನ್ಯೂಯಾರ್ಕಿನ ಬೀದಿಗಳಲ್ಲಿ ಅಡ್ಡಾಡಿ 700 ಟೋಪಿಗಳನ್ನು ಎಣಿಸಿದಾಗ 542ರಲ್ಲಿ ಗರಿಗಳಿದ್ದವು. ಮರಿಗಳಿರುವ ಕಾಲದಲ್ಲಿಯೇ ಗರಿ ಸುಂದರವಾಗಿರುವುದರಿಂದ ಬೆಳ್ಳಕ್ಕಿಗಳನ್ನು ಗೂಡಿನ ಬಳಿಯೇ ಕೊಲ್ಲುತ್ತಿದ್ದರು. ಮರಿಗಳು ಹಸಿದು ಸಾಯುತ್ತಿದ್ದವು. ಇದನ್ನು ಎದುರಿಸಿ ನಿಂತವರು ಅದೇ ಟೋಪಿ ಧರಿಸುವ ವರ್ಗದ ಮಹಿಳೆಯರೇ. ಇಂಗ್ಲೆಂಡಿನಲ್ಲಿ ಎಮಿಲಿ ವಿಲಿಯಮ್ಸನ್ 1889ರಲ್ಲಿ ಸಂಘ ಕಟ್ಟಿದರು. ಬಾಸ್ಟನ್ನಿನಲ್ಲಿ 1896ರಲ್ಲಿ ಹ್ಯಾರಿಯೆಟ್ ಹೆಮೆನ್ವೇ ಮತ್ತು ಮಿನ್ನಾ ಹಾಲ್ ತಮ್ಮ ಪರಿಚಯದ ಮನೆಮನೆಯ ಹೆಂಗಸರನ್ನು ಚಹಾಕೂಟಗಳಿಗೆ ಕರೆದು ಗರಿಯ ಟೋಪಿ ಬಿಡುವಂತೆ ಒಪ್ಪಿಸಿದರು. ಗರಿಗಳ ಆಮದನ್ನು ತಡೆಯುವ ಕಾನೂನು ಬ್ರಿಟನ್ನಿನಲ್ಲಿ ಬಂದದ್ದು 1921ರಲ್ಲಿ. ಅಹಿಂಸಾಣುವ್ರತದ ಹೆಸರು ಕೇಳದವರು ಮಾಡಿದ ಕೆಲಸ ಇದು.

ಆದುದರಿಂದ ಟ್ರಸ್ಟಿನವರಲ್ಲಿ ನನ್ನ ಕೋರಿಕೆ. ಫಲಕ ಇರಲೇಬೇಕೆಂದಾದರೆ ಅದರ ಮೊದಲ ಸಾಲು ಹೀಗಿರಲಿ: ಚರ್ಮ ಮತ್ತು ರೇಷ್ಮೆ ಒಳಗೆ ಬೇಡ, ಗಂಡಸರಿಗೂ ಹೆಂಗಸರಿಗೂ. ಹುಡುಗಿಯರ ಪ್ಯಾಂಟಿನ ಅಳತೆ ತೆಗೆಯುವ ಕೆಲಸವನ್ನು ಅವರ ತಾಯಂದಿರಿಗೂ ಅವರ ವಿವೇಕಕ್ಕೂ ಬಿಡೋಣ. ಬಟ್ಟೆಯು ಉಪಭೋಗದ ವಸ್ತು. ಭೋಗೋಪಭೋಗ ಪರಿಮಾಣದ ವ್ರತ ಅದಕ್ಕೂ ಅನ್ವಯಿಸುತ್ತದೆ. ವರ್ಷಕ್ಕೆ ಎಷ್ಟು ಸೀರೆ, ಎಷ್ಟು ಪಂಚೆ ಎಂಬ ಮಿತಿಯನ್ನು ಪರ್ಯುಷಣದಲ್ಲಿ ದಂಪತಿಗಳಿಬ್ಬರೂ ಒಟ್ಟಿಗೆ ಹೇಳಿಕೊಳ್ಳಲಿ. ಇದಕ್ಕೂ ಮೊದಲು ಆಡಳಿತ ಮಂಡಳಿಯ ಮುಂದಿನ ಸಭೆಯಲ್ಲಿ ವೆಚ್ಚದ ಪುಸ್ತಕವನ್ನು ತೆರೆದು, ಕಳೆದ ವರ್ಷ ಅತಿಥಿಗಳ ಸನ್ಮಾನಕ್ಕೆಂದು ಎಷ್ಟು ರೇಷ್ಮೆ ಶಾಲು, ಎಷ್ಟು ಪೇಟ ಕೊಂಡಿದ್ದೇವೆಂದು ಓದಿ ಹೇಳಲಿ. ಆ ಶಾಲುಗಳನ್ನು ಹೊದಿಸಿದವರೂ ಹೊದೆದವರೂ ಬಹುಪಾಲು ಪುರುಷರು.